ಮೊಳೆಗೆ ತೂಗುಹಾಕಿದ ಬಿಲ್ಲೆ

ಅರವತ್ತು ಹೊಲಿಗೆ ಯಂತ್ರಗಳ ಸಾಲಿಗೆ ಒಂದೇ ಒಂದು ತಗಡಿನ ಬಿಲ್ಲೆ. ಶೌಚಾಲಯಕ್ಕೆ ಹೋಗುವವರು ಅದನ್ನು ಮೊಳೆಯಿಂದ ತೆಗೆದುಕೊಂಡು ಹೋಗಬೇಕು, ವಾಪಸು ತಂದು ತೂಗುಹಾಕಬೇಕು. ಹೋದದ್ದೆಷ್ಟು ಹೊತ್ತಿಗೆ, ಬಂದದ್ದೆಷ್ಟು ಹೊತ್ತಿಗೆ ಎಂದು ಬರೆಯುವವನು ಸೂಪರ್‌ವೈಸರ್. ಹೆಂಗಸರು ಅವನಿಗೆ ಗಡಿಯಾರ ಎಂದು ಹೆಸರಿಟ್ಟಿದ್ದರು. ಮೂರನೇ ಯಂತ್ರದಲ್ಲಿ ಕೂತು ಕಾಲರ್ ಹೊಲಿಯುತ್ತಿದ್ದವಳು ಅವನ ಸ್ವಂತ ಅಕ್ಕ. ಬಿಲ್ಲೆಗೆ ಎಲ್ಲರಿಗಿಂತ ಹೆಚ್ಚು ಸಲ ಕೈಹಾಕುತ್ತಿದ್ದವಳೂ ಅವಳೇ.

“ಏನ್ ಗಡಿಯಾರಪ್ಪಾ, ಅಕ್ಕ ಎದ್ರೆ ಮುಳ್ಳು ನಿಂತ್ಹೋಗುತ್ತಾ?” ಎಂದು ಗುಂಡಿ ಹಾಕುವವಳು ಛೇಡಿಸಿದಾಗ ಸಾಲಿಗೆ ಸಾಲೇ ನಕ್ಕಿತು. ಅವನ ಕಿವಿ ಬಿಸಿಯಾಯಿತು. ಅಂದಿನಿಂದ ಅಕ್ಕನಿಗೆಂದೇ ಬೇರೊಂದು ಪುಟ್ಟ ಪುಸ್ತಕ ಮಾಡಿ ಎದೆಜೇಬಿನಲ್ಲಿಟ್ಟುಕೊಂಡ. ಒಂದು ದಿನ ಇದನ್ನು ಅವಳ ಮುಖಕ್ಕೆ ಹಿಡಿದು ಕಳ್ಳಾಟ ಬಯಲು ಮಾಡಬೇಕೆಂಬ ಸಿಟ್ಟು.

ಅಕ್ಕನಿಗೆ ಹೊಟ್ಟೆನೋವಿತ್ತು, ನಿಜ. ಪುಸ್ತಕ ಶುರುವಾದ ಮೇಲೆ, ಕರುಳಿನ ಟಿಬಿ ಎಂದು ಯಾರೋ ಡಾಕ್ಟರು ಆರು ತಿಂಗಳ ಮಾತ್ರೆ ಬರೆದುಕೊಟ್ಟರು. ನುಂಗಿದಳು. ಮೂತ್ರ ಕೆಂಪಾಯಿತೇ ಹೊರತು ನೋವು ಹೋಗಲಿಲ್ಲ. ಬಾಯಿ ತುಂಬ ಹುಣ್ಣು, ರವಿಕೆ ಸಡಿಲ. ಆಮೇಲಾಮೇಲೆ ಊಟದ ಡಬ್ಬಿಯನ್ನು ಮುಚ್ಚಳ ತೆಗೆಯದೆ ಮನೆಗೆ ತರತೊಡಗಿದಳು.

“ತಿಂದ್ರೆ ತಾನೇ ಹೋಗ್ಬೇಕು? ನಿಂಗೂ ಬರೆಯೋ ಕಷ್ಟ ತಪ್ಪುತ್ತೆ.”

ಅದನ್ನೂ ಅವನು ಹಟ ಎಂದೇ ತಿಳಿದ.

ಸರಕು ಕಳಿಸುವ ಗಡಿಬಿಡಿಯ ಒಂದು ಮಧ್ಯಾಹ್ನ ಅಕ್ಕ ಏಳನೇ ಸಲ ಎದ್ದು ಬಂದಳು. ಅವನು ಬಿಲ್ಲೆಯನ್ನು ಮುಷ್ಟಿಯಲ್ಲಿ ಬಿಗಿಹಿಡಿದ.

“ಹೋಗಿ ಕೂತ್ಕೋ. ಸಾಕು ನಾಟಕ.”

“ಕೊಡೋ, ಕೈ ಮುಗೀತೀನಿ.”

ಎಲ್ಲರೂ ನೋಡುತ್ತಿದ್ದರು. ಅವನು ಕೊಡಲಿಲ್ಲ.

ಬಿಲ್ಲೆಯಿಲ್ಲದೆಯೇ ಓಡಿದ ಅಕ್ಕ ಬಾಗಿಲು ಮುಟ್ಟಲಿಲ್ಲ. ಗುಂಡಿಯವಳೇ ಬಂದು, ಕತ್ತರಿಸಿ ಉಳಿದ ಬಟ್ಟೆಯನ್ನು ಅವಳ ಸೊಂಟಕ್ಕೆ ಸುತ್ತಿ ಕರೆದೊಯ್ದಳು. ಚಿಕ್ಕಂದಿನಲ್ಲಿ ಅವನ ಹೊಲಸು ಚಡ್ಡಿ ಒಗೆದ ಅಕ್ಕ. ಯಾರೂ ನಗಲಿಲ್ಲ. ನಕ್ಕಿದ್ದರೆ ಯಾರ ಮೇಲಾದರೂ ಹರಿಹಾಯಬಹುದಿತ್ತು.

ಅವನೇ ಅವಳನ್ನು ದೊಡ್ಡಾಸ್ಪತ್ರೆಗೆ ಕರೆದೊಯ್ದ. ಹಿಂಬದಿಯಿಂದ ಕ್ಯಾಮೆರಾ ಕೊಳವೆ ಇಳಿಸಿ ನೋಡಿದರು, ಕರುಳಿನ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ವರದಿ ಬಂದ ದಿನ ಡಾಕ್ಟರಮ್ಮ ಕೇಳಿದರು: “ಟಿಬಿ ಮಾತ್ರೆ ತಗೊಂಡಾಗ ಏನಾದ್ರೂ ಕಡಿಮೆ ಆಯ್ತಾ? ದಿನಕ್ಕೆ ಎಷ್ಟು ಸಲ ಹೋಗ್ತಿದ್ರಿ?”

ಅಕ್ಕನಿಗೆ ನೆನಪಿರಲಿಲ್ಲ. ಅವನು ಎದೆಜೇಬಿನ ಪುಸ್ತಕ ತೆಗೆದು ಮೇಜಿನ ಮೇಲಿಟ್ಟ.

ಅವರು ಒಂದೊಂದೇ ಹಾಳೆ ತಿರುಗಿಸಿದರು. ಮೂರು, ನಾಲ್ಕು, ಆರು, ಏಳು. ಮಾತ್ರೆಯ ತಿಂಗಳುಗಳಲ್ಲೂ ಏರಿದ್ದೇ ಹೊರತು ಇಳಿದಿರಲಿಲ್ಲ.

“ಚೂರಿನ ವರದಿನೂ ಇದನ್ನೇ ಹೇಳ್ತಿದೆ. ಟಿಬಿ ಅಲ್ಲ, ಕ್ರೋನ್ಸ್ ಕಾಯಿಲೆ. ಮೈ ಕಾಯೋ ಶಕ್ತಿನೇ ತಿರುಗಿಬಿದ್ದು ಕರುಳಿಗೆ ಹುಣ್ಣು ಮಾಡುತ್ತೆ. ಪೂರ್ತಿ ಹೋಗಲ್ಲ. ಔಷಧಿಯಿಂದ ಹಿಡಿತದಲ್ಲಿ ಇಡ್ಬಹುದು, ಚೆನ್ನಾಗಿದ್ದೀನಿ ಅನಿಸಿದ್ರೂ ನಿಲ್ಲಿಸ್ಬಾರ್ದು. ಆದ್ರೆ ತಡ ಆಗಿದೆ. ಒಂದು ಕಡೆ ಕರುಳು ದಾರದಷ್ಟು ಸಣ್ಣಗಾಗಿದೆ, ಅಷ್ಟನ್ನ ಕತ್ತರಿಸಲೇಬೇಕು.” ಪುಸ್ತಕ ಮುಚ್ಚಿ ಅವನತ್ತ ನೋಡಿದರು. “ಇಷ್ಟು ನಿಗಾ ಇಟ್ಟು ಬರೆದಿಡೋರು ಅಪರೂಪ. ಇಂಥ ತಮ್ಮ ಇರೋಕೆ ಪುಣ್ಯ ಮಾಡಿದ್ರಿ ಕಣಮ್ಮ.”

ಅವನಿಗೆ ಮೇಜು ಒದೆಯಬೇಕೆನಿಸಿತು. ಹೇಳಲಿ, ಈಗಲಾದರೂ ಹೇಳಲಿ ಎಂದು ಅಕ್ಕನ ಬಾಯಿ ನೋಡಿದ.

“ಹೂಂ ಡಾಕ್ಟ್ರೇ,” ಎಂದಳು ಅಕ್ಕ. “ಒಂದು ದಿನಾನೂ ತಪ್ಪಿಸಿಲ್ಲ.”

ಆಪರೇಷನ್ ಆಯಿತು. ಹೊಟ್ಟೆಯ ಬಲಕ್ಕೆ ಒಂದು ತೂತು, ಅದಕ್ಕೆ ಅಂಟಿಸಿದ ಚೀಲ. ಕೆಲವು ತಿಂಗಳು, ಬಹುಶಃ ಹೆಚ್ಚೇ, ಎಲ್ಲವೂ ಅದರೊಳಕ್ಕೇ. ಮರುದಿನ ಅವನು ಮೊಳೆಯಿಂದ ಬಿಲ್ಲೆ ಕಿತ್ತುಕೊಂಡು ಬಂದು ಅವಳ ಹಾಸಿಗೆಯ ಮೇಲಿಟ್ಟ. ಬೇರೇನು ತರಬೇಕೆಂದು ಅವನಿಗೆ ತಿಳಿದಿರಲಿಲ್ಲ.

“ಇದ್ಯಾಕೋ?”

“ನಿನ್ಹತ್ರಾನೇ ಇರ್ಲಿ.”

ಅಕ್ಕ ಚೀಲವನ್ನು ಮೆಲ್ಲಗೆ ತಟ್ಟಿದಳು. “ಇನ್ನು ನಂಗ್ಯಾಕೋ ಬಿಲ್ಲೆ?” ನಗಲು ಹೋಗಿ ಹೊಲಿಗೆ ಎಳೆದು ಮುಖ ಕಿವುಚಿದಳು. ಬಿಲ್ಲೆಯನ್ನು ಅವನತ್ತ ಸರಿಸಿದಳು: “ತಗೊಂಡ್ಹೋಗಿ ಮೊಳೆಗೆ ಹಾಕು. ಗುಂಡಿಯವಳಿಗೆ ಶುಗರ್ ಇದೆ ಕಣೋ. ಪಾಪ, ಕಾಯ್ತಿರ್ತಾಳೆ.”

ಅವನು ಬಿಲ್ಲೆ ಎತ್ತಿಕೊಂಡ. ಆದರೆ ಎದ್ದು ಹೋಗದೆ ಹಾಸಿಗೆಯ ಪಕ್ಕದಲ್ಲೇ ಕೂತಿದ್ದ.