ಹೊಟ್ಟಿನ ಚೀಲಗಳು

ಚೀಲಗಳನ್ನು ತೆಗೆದುಬಿಡಲೇ, ಇರಲು ಬಿಡಲೇ? ಅವ್ವ ನಿಜವಾಗಿ ಮಲಗಿದ್ದಾಳೋ, ತಮ್ಮನ ಲಾರಿಯ ಹಾರ್ನ್ ಕೇಳಿಸದೆ ಸುಮ್ಮನೆ ಕಣ್ಣು ಮುಚ್ಚಿಕೊಂಡಿದ್ದಾಳೋ? ಬೆಳಕು ಹರಿದರೂ ಶಂಭುಲಿಂಗನಿಗೆ ತಿಳಿಯಲಿಲ್ಲ.

ಹೊಸಪೇಟೆಯಲ್ಲಿ ಸಂಡೂರು ರಸ್ತೆಗೆ ಅಂಟಿಕೊಂಡ ಮನೆ. ಅದಿರು ಚೀನಾಕ್ಕೆ ಹೋಗತೊಡಗಿದಾಗಿನಿಂದ ರಾತ್ರಿಯಿಡೀ ಲಾರಿಗಳು. ನಿದ್ದೆಗೆಟ್ಟು ಅವ್ವ ಗಂಗಾಂಬಿಕಾಗೆ ಬಿ.ಪಿ. ಏರಿತ್ತು. ಗುಳಿಗೆಗಿಂತ ಮೊದಲು ನಿದ್ದೆ ಬೇಕು ಎಂದಿದ್ದರು ಡಾಕ್ಟರು. ಕಂಪ್ಲಿಯ ರೈಸ್ ಮಿಲ್ಲಿನಲ್ಲಿ ಗುಮಾಸ್ತನಾಗಿದ್ದ ಶಂಭುಲಿಂಗ, ಹಿಂದಿನ ಸಂಜೆ ಅಲ್ಲಿಂದ ಭತ್ತದ ಹೊಟ್ಟಿನ ಚೀಲ ತಂದು ರಸ್ತೆ ಕಡೆಯ ಕಿಟಕಿಗೆ ಅಡ್ಡ ಒಟ್ಟಿದ್ದ.

"ಏನ್ರಿ ಶಂಭಣ್ಣ, ಮನ್ಯಾಗ ಮಿಲ್ಲು ಹಾಕೀರೇನು?" ಎಂದು ಪಕ್ಕದ ಮನೆಯ ಕರೆಮ್ಮ ನಕ್ಕಿದ್ದಳು.

ಲಾರಿಗಳ ಸದ್ದು ದೂರದ ಗುಂಯ್‌ಗುಟ್ಟುವಿಕೆಯಾಯಿತು. ರಾತ್ರಿ ದೀಪ ಆರಿಸಿದ ಮೇಲೆಯೇ ಅವನಿಗೆ ತಪ್ಪು ಹೊಳೆದದ್ದು. ತಮ್ಮ ಬಸವಕುಮಾರ ಅದಿರು ಲಾರಿಯ ಡ್ರೈವರ್. ದಿನಾ ರಾತ್ರಿ ಮನೆ ಮುಂದೆ ಹಾಯುವಾಗ ಎರಡು ಸಲ ಸಣ್ಣಗೆ ಹಾರ್ನ್ ಹೊಡೆಯುತ್ತಿದ್ದ, ನಾನು ಹುಷಾರಾಗಿದ್ದೇನೆ ಎಂದು. ಅದು ಕಿವಿಗೆ ಬೀಳುವ ತನಕ ಅವ್ವ ಮಲಗುತ್ತಿರಲಿಲ್ಲ.

ಎಂಟಕ್ಕೆ ಅವ್ವ ಎದ್ದಳು. ಕೆನ್ನೆಯ ಮೇಲೆ ಚಾಪೆಯ ಗೆರೆಗಳು ಮೂಡಿದ್ದವು.

"ಅಯ್ಯ, ಬಿಸಿಲು ಇಲ್ಲಿತನ ಬಂದೈತಲ್ಲೋ! ಎಬ್ಬಿಸಬಾರದೇನು?"

"ನಿದ್ದಿ ಬಂತೇನವ್ವ?"

"ಭಾಳ ಚಂದ ಬಂತಪಾ. ಬಸ್ಯಾ ಎರಡು ಸಲ ಹಾರ್ನ್ ಹೊಡ್ದ ನೋಡು, ಅದರ ಹಿಂದನಾ ಕಣ್ಣು ಹತ್ತಿದ್ವು."

"ಚೀಲ ದಾಟಿ ಕೇಳಿಸ್ತಾ?"

"ಹಡದಾಕಿ ಕಿವಿಗೆ ಹೊಟ್ಟು ಅಡ್ಡ ಬರ್ತೈತೇನಲೇ?" ಎಂದು ನಗುತ್ತ ಚಹಕ್ಕೆ ಇಡಲು ಹೋದಳು.

ಸ್ವಲ್ಪ ಹೊತ್ತಿಗೆ ಬಸವಕುಮಾರ ಬಂದ. ಅಂಗಳದ ನಲ್ಲಿಯಲ್ಲಿ ಕೆಂಪು ಧೂಳು ತೊಳೆದುಕೊಳ್ಳುತ್ತ ದನಿ ತಗ್ಗಿಸಿದ:

"ತೂಕಕ್ಕ ಲೈನ್ ಹಚ್ಚಿ ರಾತ್ರಿಯೆಲ್ಲ ಸಂಡೂರಾಗ ನಿಂತಿದ್ದೆ ಅಣ್ಣ. ಗಾಡ್ಯಾಗ ಕ್ಲೀನರ್‌ನ ಕುಂದ್ರಿಸಿ ಬಸ್ಸಿಗೆ ಬಂದೆ. ಅವ್ವ ಪಾಪ, ಕಾದು ಕಾದು ಸಾಕಾಗಿರ್ಬೇಕು."

ಶಂಭುಲಿಂಗ ಅಡುಗೆಮನೆಯ ಕಡೆ ನೋಡಿದ. ಅವ್ವ ಏನನ್ನೋ ಗುನುಗುತ್ತಿದ್ದಳು.

"ಇಲ್ಲ, ಮಸ್ತ್ ಮಲಗಿದ್ಲು. ನೀ ಸಂಡೂರಿನ ಸುದ್ದಿ ಎತ್ತಬ್ಯಾಡ."

ಸಂಜೆ ಮಿಲ್ಲಿನಿಂದ ಇನ್ನೂ ನಾಲ್ಕು ಚೀಲ ತಂದು ಉಳಿದ ಸಂದಿಗಳನ್ನು ಮುಚ್ಚಿದ. ಒಂಬತ್ತೂವರೆಗೆಲ್ಲ ಅವ್ವನ ಗೊರಕೆ ಕೇಳಿಸಿತು. ಅದನ್ನು ಕೇಳುತ್ತ ಅವನಿಗೂ ನಿದ್ದೆ ಹತ್ತಿತು.

ಚೀಲ ಒಟ್ಟಿದ ಮೊದಲ ರಾತ್ರಿ ಬಸವಕುಮಾರನ ಲಾರಿ ಆ ರಸ್ತೆಗೆ ಬಂದೇ ಇರಲಿಲ್ಲ ಎಂಬುದನ್ನು ಶಂಭುಲಿಂಗ ಅವ್ವನಿಗೆ ಎಂದೂ ಹೇಳಲಿಲ್ಲ.