ಮೂರನೇ ಸಲದ ಬೇಡ

ನಮ್ಮ ಕಡೆ ಯಾರಾದರೂ ಕಾಫಿ ಬೇಕಾ ಅಂತ ಕೇಳಿದರೆ ಬೇಡ ಅನ್ನಬೇಕು. ಮತ್ತೆ ಕೇಳಿದರೆ, ಅಯ್ಯೋ ನಿಮಗ್ಯಾಕೆ ತೊಂದರೆ ಅನ್ನಬೇಕು. ಮೂರನೇ ಸಲ ಕೇಳಿದಾಗ, ಸರಿ ಹಾಗಾದ್ರೆ, ಅರ್ಧ ಲೋಟ ಸಾಕು ಅನ್ನಬೇಕು. ಅರ್ಧ ಲೋಟ ಅಂದರೆ ತುಂಬಿದ ಲೋಟ. ಮಿನ್ನೆಸೋಟದ ಈ ನದಿಕಣಿವೆಯಲ್ಲಿ ಹುಟ್ಟಿದವರಿಗೆ ಇದನ್ನು ಯಾರೂ ಹೇಳಿಕೊಡುವುದಿಲ್ಲ, ತಾನಾಗಿ ಬರುತ್ತದೆ. ಮೊದಲ ಸಲಕ್ಕೇ ಹೂಂ ಅಂದವನು ಹೊಟ್ಟೆಬಾಕ, ಎರಡೇ ಸಲ ಕೇಳಿ ಸುಮ್ಮನಾದವಳು ಜಿಪುಣಿ. ನನಗೆ ಈ ನಾಟಕ ಕಂಡರೆ ಮೈಯೆಲ್ಲ ಉರಿಯುತ್ತದೆ. ಬೇಕಾದರೆ ಬೇಕು ಅನ್ನಿ, ಬೇಡವಾದರೆ ಬೇಡ ಅನ್ನಿ. ಅದಕ್ಕೇ ಊರಿನವರು ನನ್ನನ್ನು ಒರಟು ಆರ್ಡಿಸ್ ಅನ್ನುತ್ತಾರೆ. ಅನ್ನಲಿ ಬಿಡಿ.

ನನ್ನ ತಮ್ಮ ಓರಿನ್ ನನಗೆ ಪೂರ್ತಿ ಉಲ್ಟಾ. ಮದುವೆಮನೆಯಲ್ಲಿ ಯಾರೋ ಮೂರನೇ ಸಲ ಕೇಳಿದರು ಅಂತ, ಹೊಟ್ಟೆನೋವು ಇಟ್ಟುಕೊಂಡೇ ಇನ್ನೊಂದು ತಟ್ಟೆ ಆಲೂಗಡ್ಡೆ ಹಾಟ್‌ಡಿಶ್ ತಿಂದು, ರಾತ್ರಿಯೆಲ್ಲ ಹೊರಳಾಡಿದ ಮಹಾನುಭಾವ ಅವನು. ಅವನ ಹೆಂಡತಿ ಮಾರ್ಲಿಸ್ ಈ ವಸಂತದಲ್ಲಿ ತೀರಿಕೊಂಡಳು. ಆಮೇಲೆ ಅವನನ್ನು ನನ್ನ ಮನೆಗೇ ಕರೆದುಕೊಂಡು ಬಂದೆ.

ನನ್ನ ಮನೆ ಅಂದರೆ ಪಾರ್ಕಿನ ಮನೆ. ನೆಸೆತ್ ಫೆರ್ರಿ ಸ್ಟೇಟ್ ಪಾರ್ಕಿನಲ್ಲಿ ಬಂದವರಿಗೆ ಕಾಡು, ನದಿ, ಹಳೇ ಕತೆ ಎಲ್ಲ ತೋರಿಸಿ ಹೇಳುವುದು ನನ್ನ ಕೆಲಸ. ಬೇಸಿಗೆಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಡೇರೆ ಹಾಕುವವರು, ಕುದುರೆ ತರುವವರು, ಬೆಕ್ಕುಮೀನು ಹಿಡಿಯುವವರು, ದೋಣಿ ಬಾಡಿಗೆಗೆ ತೆಗೆದುಕೊಂಡು ಮೊದಲ ತಿರುವಿನಲ್ಲೇ ಮಗುಚಿಕೊಂಡು ನನ್ನನ್ನು ಬೈಯುವವರು. ಸೆಪ್ಟೆಂಬರಿನಲ್ಲಿ ಶಾಲೆ ಶುರುವಾಗುತ್ತಿದ್ದ ಹಾಗೆ ಎಲ್ಲ ಖಾಲಿ. ಬೆಳಿಗ್ಗೆ ಕಣಿವೆ ತುಂಬ ಮಂಜು ಕೂತಿರುತ್ತದೆ, ಎದುರಿನ ದಡ ಕಾಣುವುದಿಲ್ಲ. ಓರಿನ್‌ಗೆ ದೋಣಿಗಳನ್ನು ತೊಳೆದು ಕವುಚಿ ಇಡುವ ಕೆಲಸ ಕೊಡಿಸಿದ್ದೆ. ಕೈಗೆ ಕೆಲಸ ಇದ್ದರೆ ಮನಸ್ಸು ಹಗುರಾಗುತ್ತದೆ ಅಂದುಕೊಂಡಿದ್ದೆ. ಅವನನ್ನು ನೀರಿನ ಹತ್ತಿರ ಬಿಡಬಾರದಾಗಿತ್ತು ಅಂತ ಆಮೇಲೆ ಹೊಳೆಯಿತು.

ಮಾರ್ಲಿಸ್‌ಳನ್ನು ಮಣ್ಣು ಮಾಡಿರುವುದು ಎದುರು ದಡದಲ್ಲಿ. ಅಲ್ಲಿ ಹಳೇ ಇಗರ್ಜಿ ಇದೆ, ಅದರ ಹಿಂದೆ ನಮ್ಮವರೆಲ್ಲ ಮಲಗಿದ್ದಾರೆ. ಸೇತುವೆ ಇರುವುದು ನದಿಯ ಮೇಲ್ಗಡೆ ದೂರದಲ್ಲಿ, ಕಾರಿನಲ್ಲಿ ಸುತ್ತಿ ಹೋಗಬೇಕು. ಓರಿನ್ ದಿನಾ ಬೆಳಿಗ್ಗೆ ಹಳೇ ದೋಣಿಗಟ್ಟೆಯಲ್ಲಿ ನಿಂತು ಆ ಕಡೆ ನೋಡುತ್ತಿದ್ದ.

ಬೆಂಕಿಯ ಸುತ್ತ ಕೂತವರಿಗೆ ನಾನು ಆ ದೋಣಿಗಟ್ಟೆಯ ಕತೆ ಹೇಳುವುದುಂಟು. ಸೇತುವೆ ಬರುವುದಕ್ಕೆ ಮೊದಲು ಹಾಲ್ವರ್ ನೆಸೆತ್ ಅನ್ನುವವನು ಇಲ್ಲಿ ದೋಣಿ ನಡೆಸುತ್ತಿದ್ದ. ದಡದಿಂದ ದಡಕ್ಕೆ ದಪ್ಪ ಹಗ್ಗ, ಹಗ್ಗಕ್ಕೆ ರಾಟೆ, ರಾಟೆಗೆ ಕಟ್ಟಿದ ಚಪ್ಪಟೆ ದೋಣಿ. ಒಂದು ವಸಂತದಲ್ಲಿ ಹಿಮ ಕರಗಿ ನೀರು ಏರುತ್ತಿತ್ತು. ಈ ದಡದಲ್ಲಿ ರಾಗ್ನಾ ಅನ್ನುವ ಹೊಸ ಮದುಮಗಳು ಒಬ್ಬಳೇ ನಿಂತಿದ್ದಳು. ದೋಣಿಯಲ್ಲಿ ಆಗಲೇ ಜನ, ದನ ತುಂಬಿದ್ದವು. ಹಾಲ್ವರ್ ಬರ್ತೀಯಾ ಅಂತ ಕೇಳಿದ. ಬೇಡ ಅಂದಳು. ಮತ್ತೆ ಕೇಳಿದ. ನಿಮಗೆ ತೊಂದರೆ, ಬೇಡ ಅಂದಳು. ಅವನಿಗೆ ಅವಸರ, ಹಗ್ಗ ಎಳೆದುಕೊಂಡು ಹೊರಟುಬಿಟ್ಟ. ಅವನು ತಿರುಗಿ ಬರುವಷ್ಟರಲ್ಲಿ ಅವಳು ನಿಂತಿದ್ದ ಕಟ್ಟೆಯೇ ಕೊಚ್ಚಿಹೋಗಿತ್ತು. ಅವಳನ್ನು ಹುಡುಕುತ್ತ ಅವನೂ ನೀರುಪಾಲಾದ.

ಪರವೂರಿನವರಿಗೆ ಕತೆಯನ್ನು ಅಲ್ಲಿಗೇ ನಿಲ್ಲಿಸುತ್ತೇನೆ. ಉಳಿದದ್ದು ನಮ್ಮ ನಮ್ಮಲ್ಲೇ. ಅವನು ಈಗಲೂ ಮಂಜಿನಲ್ಲಿ ಬರುತ್ತಾನೆ ಅಂತ ನಮ್ಮಪ್ಪ ಹೇಳುತ್ತಿದ್ದರು. ಒತ್ತಾಯ ಮಾಡುವುದಿಲ್ಲ, ಕೈ ಹಿಡಿದು ಎಳೆಯುವುದಿಲ್ಲ, ಬರೀ ಕೇಳುತ್ತಾನೆ. ಆದರೆ ಈಗ ಮೂರು ಸಲ ಕೇಳುತ್ತಾನೆ, ಬಿಡುವುದಿಲ್ಲ. ಮೂರನೇ ಸಲವೂ ಬೇಡ ಅಂದರೆ ಟೋಪಿ ತೆಗೆದು ನಮಸ್ಕರಿಸಿ ಹೋಗುತ್ತಾನೆ. ಅಷ್ಟು ಹೇಳುವುದಕ್ಕೆ ನಮ್ಮವರ ಬಾಯಲ್ಲಿ ಆಗಬೇಕಲ್ಲ. ಅಪ್ಪನ ಗೆಳೆಯ ಕ್ಲಾರೆನ್ಸ್ ಗಾಳ ಹಾಕಲು ಈ ದಡಕ್ಕೆ ಬಂದವನು ಆ ದಡದಲ್ಲಿ ಓಕ್ ಮರಕ್ಕೆ ಒರಗಿ ಕೂತು ಸತ್ತಿದ್ದ. ಅವನ ಹತ್ತಿರ ದೋಣಿ ಇರಲಿಲ್ಲ. ಬಟ್ಟೆ ಗರಿಗರಿಯಾಗಿ ಒಣಗಿತ್ತು.

ಹೋದ ತಿಂಗಳು ಒಂದು ಬೆಳಿಗ್ಗೆ ಓರಿನ್ ತಿಂಡಿಗೆ ಕೂತು ಬ್ರೆಡ್ಡಿಗೆ ಬೆಣ್ಣೆ ಸವರುತ್ತ ಹೇಳಿದ, "ಅಕ್ಕಾ, ನಿನ್ನೆ ಕಟ್ಟೆ ಹತ್ರ ಒಬ್ರು ಸಿಕ್ಕಿದ್ರು. ಆಚೆ ಕಡೆ ಬಿಡ್ಲಾ ಅಂದ್ರು."

"ಯಾರೋ ಅದು?"

"ಗೊತ್ತಿಲ್ಲ. ಒಳ್ಳೆಯವರ ಹಾಗೆ ಕಂಡ್ರು. ಬೇಡ ಅಂದೆ. ಇವತ್ತು ಮತ್ತೆ ಕೇಳಿದ್ರು. ನಿಮಗ್ಯಾಕೆ ತೊಂದರೆ ಅಂದೆ."

"ಬಟ್ಟೆ ಒದ್ದೆ ಇತ್ತೇನೋ?"

"ಎದೆ ತನಕ," ಅಂದ. ಹಾಗಂದು ಕಿಟಕಿಯ ಕಡೆ ತಿರುಗಿದ. ನಾನು ಹುಚ್ಚಿಯಲ್ಲ, ಅವನಿಗೂ ಎಲ್ಲ ಗೊತ್ತಿತ್ತು ಅಂತ ಆಗಲೇ ತಿಳಿಯಿತು. ಅಪ್ಪನ ಕತೆಯನ್ನು ನಾವಿಬ್ಬರೂ ಒಂದೇ ಹೊದಿಕೆಯಡಿ ಕೇಳಿದವರು.

"ನಾಳೆ ಹೋಗ್ಬೇಡ."

"ದೋಣಿ ತೊಳೀಬೇಕಲ್ಲ ಅಕ್ಕಾ."

"ದೋಣಿ ಮನೆ ಹಾಳಾಗ್ಲಿ. ನಾಳೆ ಹೋಗ್ದಿದ್ರೆ ನಾಳಿದ್ದು ಹೋಗ್ತೀಯ, ನನಗೆ ಗೊತ್ತಿಲ್ವಾ ನಿನ್ನ ಬುದ್ಧಿ. ಹೋಗೋದೇ ಆದ್ರೆ ಬೇಡ ಅಂತ ಹೇಳಿ ಬಾ. ಹೇಳು ನೋಡೋಣ, ನನ್ನೆದುರಿಗೇ ಒಂದ್ಸಲ ಹೇಳು."

"ಬೇಡ," ಅಂದ. ಎಷ್ಟು ಮೆತ್ತಗೆ ಅಂದ ಅಂದರೆ, ಸಾಲ ಕೇಳಲು ಬಂದವನ ಹಾಗಿತ್ತು. ಆಮೇಲೆ ತಲೆ ತಗ್ಗಿಸಿ, "ಮಾರ್ಲಿಸ್ ಅಲ್ಲೇ ಇದ್ದಾಳೆ ಅಕ್ಕಾ," ಅಂದ.

ನನಗೆ ಅಳು ಬಂತು, ಅದಕ್ಕಿಂತ ಜಾಸ್ತಿ ಸಿಟ್ಟು ಬಂತು. ಅಪ್ಪ ಅಮ್ಮ ಹೋದರು, ನನಗೆ ಗಂಡ ಮಕ್ಕಳು ಯಾರೂ ಇಲ್ಲ. ಇರುವವನು ಇವನೊಬ್ಬ. ಇವನನ್ನೂ ಒಂದು ಮರ್ಯಾದೆಯ ಮಾತಿಗೆ ಕಳೆದುಕೊಳ್ಳಬೇಕಾ?

ಮಾರನೇ ಬೆಳಿಗ್ಗೆ ನಾನೂ ಜೊತೆಗೆ ಹೋದೆ. ಮಂಜು ಎಷ್ಟಿತ್ತೆಂದರೆ ಓರಿನ್‌ನ ಕೆಂಪು ಟೋಪಿ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಹಕ್ಕಿಗಳೆಲ್ಲ ಒಟ್ಟಿಗೇ ಸುಮ್ಮನಾದವು. ನೀರಿನ ನಡುವಿನಿಂದ ರಾಟೆ ಕಿರಗುಟ್ಟುವುದು ಕೇಳಿಸಿತು. ನಮ್ಮ ನದಿಯ ಮೇಲೆ ಹಗ್ಗವೂ ಇಲ್ಲ ರಾಟೆಯೂ ಇಲ್ಲ, ನನ್ನಜ್ಜಿಯ ಕಾಲಕ್ಕೇ ಬಿಚ್ಚಿಹಾಕಿದ್ದರು. ಆ ಸದ್ದು ಹತ್ತಿರ ಹತ್ತಿರ ಬಂದು ನಿಂತಿತು. ಚಪ್ಪಟೆ ದೋಣಿಯ ಮೂತಿ ಮಂಜಿನಿಂದ ಹೊರಗೆ ಬಂತು. ನೀರು ಒಂದಿಷ್ಟೂ ಅಲುಗಲಿಲ್ಲ.

ಎತ್ತರದ ಮನುಷ್ಯ, ಬಿಳಿ ಗಡ್ಡ. ಕೋಟು ಎದೆಯವರೆಗೆ ತೊಯ್ದು ನೀರು ತೊಟ್ಟಿಕ್ಕುತ್ತಿತ್ತು. ತೊಟ್ಟಿಕ್ಕಿದ್ದು ಹಲಗೆಗೆ ಬಿದ್ದ ಸದ್ದು ಮಾತ್ರ ಇರಲಿಲ್ಲ. ಮುಖ ನೋಡಿದರೆ ಹೆದರಿಕೆ ಆಗುವಂಥದ್ದಲ್ಲ. ನಮ್ಮ ಇಗರ್ಜಿಯಲ್ಲಿ ಕಾಫಿ ಕೊಡಲು ನಿಲ್ಲುವ ಮುದುಕರ ಹಾಗೆಯೇ ಇದ್ದ. ಅದಕ್ಕೇ ನಾನು ಹೆದರಿದ್ದು.

"ನೀರು ಏರ್ತಾ ಇದೆ," ಅಂದ. ನೀರು ಏರುತ್ತಿರಲಿಲ್ಲ. "ಆಚೆ ಕಡೆ ಬಿಟ್ಟುಬಿಡ್ಲಾ? ನನಗೇನೂ ತೊಂದರೆ ಇಲ್ಲಪ್ಪ."

ಮೂರನೇ ಸಲ. ಓರಿನ್ ಟೋಪಿ ತೆಗೆದ. "ಅಲ್ಲಾ, ನಿಜವಾಗ್ಲೂ ತೊಂದರೆ ಇಲ್ಲ ಅಂದ್ರೆ..." ಅಂತ ಶುರುಮಾಡಿದ, ಕಾಲು ಆಗಲೇ ಮುಂದೆ ಇಟ್ಟಿದ್ದ.

ಬೇರೇನೂ ತೋಚಲಿಲ್ಲ. ನನ್ನ ಬಾಯಿಗೆ ಬಂದದ್ದು ನಮ್ಮಮ್ಮನ ಮಾತು. "ಅದಿರ್ಲಿ, ಚಳಿಯಲ್ಲಿ ಬಂದಿದ್ದೀರಿ, ಮೊದ್ಲು ಕಾಫಿ ಕುಡೀರಿ."

ಅವನು ನನ್ನ ಕಡೆ ತಿರುಗಿದ. ಎಷ್ಟೋ ಕಾಲದಿಂದ ಅವನನ್ನು ಯಾರೂ ಏನೂ ಕೇಳಿರಲಿಲ್ಲ ಅಂತ ಕಾಣುತ್ತದೆ. "ಬೇಡಮ್ಮ, ಈಗಷ್ಟೇ ಆಯ್ತು," ಅಂದ.

"ಒಂದು ಲೋಟ ಕುಡಿದ್ರೆ ಏನಾಗುತ್ತೆ?"

"ನಿಮಗ್ಯಾಕೆ ಸುಮ್ಮನೆ ತೊಂದರೆ."

ಈಗ ನನ್ನ ಸರದಿ. ನಾನು ಸುಮ್ಮನಾದರೆ ಅವನು ಮತ್ತೆ ಓರಿನ್ ಕಡೆ ತಿರುಗುತ್ತಾನೆ. ಇನ್ನೊಂದು ಸಲ ಕೇಳಿದರೆ ನೀರಿನಲ್ಲಿ ಸತ್ತವನು ನನ್ನ ಅಡುಗೆಮನೆಗೆ ಬರುತ್ತಾನೆ. ಓರಿನ್‌ನ ತೋಳು ಗಟ್ಟಿಯಾಗಿ ಹಿಡಿದುಕೊಂಡೆ. "ಬನ್ನಿ ಅಂದ್ರೆ ಬನ್ನಿ. ಮನೆ ಇಲ್ಲೇ ಇದೆ. ತಿನ್ನೋಕೆ ಸಿಹಿ ಕುಂಬಳಕಾಯಿ ಬಾರ್ ಕೂಡ ಮಾಡಿದ್ದೀನಿ."

"ಸರಿ ಹಾಗಾದ್ರೆ," ಅಂದ ಹಾಲ್ವರ್ ನೆಸೆತ್. "ಅರ್ಧ ಲೋಟ ಸಾಕು."

ಬಾಗಿಲಲ್ಲಿ ಬೂಟು ಬಿಚ್ಚಿ ಒಳಗೆ ಬಂದ. ನಮ್ಮವನಲ್ಲವೇ. ಬೂಟಿನಿಂದ ನದಿಯ ಮರಳು ಸುರಿಯಿತು. ಕಾಫಿಯ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಹಬೆ ತಕ್ಷಣ ನಿಂತುಹೋಯಿತು. ಕಾಫಿ ಕಡಿಮೆಯಾಗಲಿಲ್ಲ, ಲೋಟದ ಅಂಚಿನಲ್ಲಿ ಮಂಜುಗಡ್ಡೆ ಕಟ್ಟಿತು.

ಹವಾಮಾನದ ಮಾತು ಆಯಿತು. ಆಮೇಲೆ ಅವನೇ ಹೇಳಿದ, "ಆ ಹುಡುಗಿ ಬೇಡ ಅಂದ್ಲು. ನಾನು ನಂಬಿಬಿಟ್ಟೆ."

"ಅವಳು ಬಾಯಿಬಿಟ್ಟು ಹೇಳ್ಬೇಕಿತ್ತು," ಅಂದೆ ನಾನು.

"ಅವಳು ಒಳ್ಳೇ ಮನೆಯ ಹುಡುಗಿ," ಅಂದ ಅವನು. ಅದರಲ್ಲಿ ಸಿಟ್ಟಿರಲಿಲ್ಲ.

ಓರಿನ್ ಅವನನ್ನೇ ನೋಡುತ್ತಿದ್ದ. ತಿಂಗಳುಗಳಿಂದ ಅವನು ಮಾರ್ಲಿಸ್ ಹೆಸರನ್ನು ಸರಿಯಾಗಿ ಎತ್ತಿರಲಿಲ್ಲ. ಈಗ ಎಲ್ಲ ಹೇಳಿದ. ಆಸ್ಪತ್ರೆಯಲ್ಲಿ ಕೊನೆಯ ವಾರ ಅವಳು ನೀನು ಮನೆಗೆ ಹೋಗಿ ಮಲಗು, ನನಗೇನೂ ಬೇಡ ಅಂದದ್ದು, ಅವನು ಅದನ್ನು ನಂಬಿ ಮನೆಗೆ ಹೋದದ್ದು, ಬೆಳಿಗ್ಗೆ ಬರುವಷ್ಟರಲ್ಲಿ ಅವಳು ಇಲ್ಲದೇ ಹೋದದ್ದು. ನನಗೇ ಇದು ಗೊತ್ತಿರಲಿಲ್ಲ. ಹೇಳಿ ಮುಗಿಸಿ ಮೂಗು ಒರೆಸಿಕೊಂಡ.

"ಹಾಲ್ವರ್, ನೀವು ಕೇಳಿದ್ದು ದೊಡ್ಡ ಮಾತು," ಅಂದ. "ಆದ್ರೆ ನಾನು ಬರೋದಿಲ್ಲ. ಮರ್ಯಾದೆಗೆ ಹೇಳ್ತಾ ಇಲ್ಲ. ನಿಜವಾಗ್ಲೂ ಬೇಡ. ಅಕ್ಕ ಒಬ್ಬಳೇ ಆಗ್ತಾಳೆ."

ನನ್ನ ಎದೆಯ ಮೇಲಿನ ಬಂಡೆ ಇಳಿಯಿತು. ಮುದುಕ ಲೋಟ ಕೆಳಗಿಟ್ಟು ತಲೆ ಬಾಗಿಸಿದ. ಬೇಸರ ಮಾಡಿಕೊಳ್ಳಲಿಲ್ಲ. ನಮ್ಮ ಕಡೆ ಹೊರಡುವವರು ಮಾಡುವ ಹಾಗೆ ತೊಡೆ ತಟ್ಟಿಕೊಂಡು, "ಸರಿ ಹಾಗಾದ್ರೆ," ಅಂತ ಎದ್ದ.

ನಮ್ಮಲ್ಲಿ ಎದ್ದವರು ಅಷ್ಟು ಸುಲಭವಾಗಿ ಹೋಗುವುದಿಲ್ಲ. ಮೇಜಿನ ಹತ್ತಿರ ನಿಂತು ಒಂದು ಮಾತು, ಬಾಗಿಲಲ್ಲಿ ಒಂದು ಮಾತು, ಅಂಗಳದಲ್ಲಿ ಇನ್ನೊಂದು. ಮೇಜಿನ ಹತ್ತಿರ ನಿಂತು ಅವನು, "ನೀವೂ ಒಂದ್ಸಲ ನಮ್ಮ ಕಡೆ ಬನ್ನಿ," ಅಂದ.

"ಅಯ್ಯೋ, ಬೇಡ ಬಿಡಿ," ಅಂದೆ, ತಟ್ಟೆ ಎತ್ತುತ್ತ.

ಬಾಗಿಲಲ್ಲಿ ಬೂಟು ಹಾಕಿಕೊಳ್ಳುವಾಗ ತುಂಬ ಹೊತ್ತು ತೆಗೆದುಕೊಂಡ. ಬಾಗಿಲ ಚೌಕಟ್ಟು ಸವರಿ ನೋಡಿ ಒಳ್ಳೇ ಓಕ್ ಮರ ಅಂದ. "ಕಾಫಿ ಚೆನ್ನಾಗಿತ್ತು. ನಮ್ಮಲ್ಲೂ ಕುಡೀಬಹುದು ಬಂದ್ರೆ."

"ನಿಮಗ್ಯಾಕೆ ತೊಂದರೆ," ಅಂದೆ. ಹೊರಟರೆ ಸಾಕಾಗಿತ್ತು ನನಗೆ.

ಅಂಗಳದಲ್ಲಿ ಮಂಜು ತೆಳುವಾಗುತ್ತಿತ್ತು. ಅವನು ಕಟ್ಟೆಯ ಕಡೆ ಹೆಜ್ಜೆ ಹಾಕಿದ. ಓರಿನ್ ನನ್ನ ಪಕ್ಕದಲ್ಲಿ ಬೆಚ್ಚಗೆ, ಉಸಿರಾಡುತ್ತ, ನನ್ನ ತಮ್ಮನಾಗಿಯೇ ನಿಂತಿದ್ದ. ನನಗೆ ಕುಣಿಯಬೇಕು ಅನ್ನಿಸಿತು. ಮುದುಕ ಅರ್ಧ ದಾರಿಯಲ್ಲಿ ತಿರುಗಿ ಟೋಪಿ ಎತ್ತಿದ. "ಬರ್ತೀರಲ್ಲ?"

"ಬರ್ತೀವಿ, ಬರ್ತೀವಿ," ಅಂತ ಕೈ ಬೀಸಿದೆ.

ಅವನು ಮೊದಲ ಸಲ ನಕ್ಕ. ರಾಟೆಯ ಸದ್ದು ದೂರವಾಯಿತು, ಹಕ್ಕಿಗಳು ಕೂಗಿದವು. ಓರಿನ್ ನನ್ನ ಕಡೆ ನೋಡಲಿಲ್ಲ. ಅವನು ಬೆರಳು ಮಡಚಿ ಎಣಿಸುತ್ತಿದ್ದುದು ಕಾಣಿಸಿತು. ಮೇಜು, ಬಾಗಿಲು, ಅಂಗಳ. ಆಗ ನನಗೂ ಗೊತ್ತಾಯಿತು. ಒರಟು ಆರ್ಡಿಸ್. ಬರ್ತೀನಿ ಅಂದಿದ್ದರೆ ನಾನೊಬ್ಬಳೇ ಹೋಗಬಹುದಾಗಿತ್ತು. ಬರ್ತೀವಿ ಅಂದಿದ್ದೆ.

ಆಮೇಲಿಂದ ಮಂಜು ಬಿದ್ದ ಬೆಳಿಗ್ಗೆಗಳಲ್ಲಿ ರಾಟೆ ಕಿರಗುಟ್ಟಿ ಕಟ್ಟೆಯ ಹತ್ತಿರ ನಿಲ್ಲುತ್ತದೆ. ಅವನು ಈಗ ಏನೂ ಕೇಳುವುದಿಲ್ಲ, ಸುಮ್ಮನೆ ಕಾಯುತ್ತಾನೆ. ಹೊತ್ತೇರಿದ ಮೇಲೆ ಹೋಗುತ್ತಾನೆ. ನಾನು ಕಿಟಕಿಯ ಪರದೆ ಎಳೆದುಕೊಂಡು ಒಳಗೆ ಕೂರುತ್ತೇನೆ. ಬೇರೆ ಊರಿಗೆ ಹೋಗೋಣ ಅಂತ ಓರಿನ್‌ಗೆ ಹೇಳಿ ನೋಡಿದೆ, ಅಳುತ್ತಲೂ ಹೇಳಿದೆ, ಬೈದೂ ಹೇಳಿದೆ. ಬರ್ತೀವಿ ಅಂದ್ಮೇಲೆ ಹೋಗ್ದೇ ಇರೋದು ಹೇಗೆ ಅಕ್ಕಾ, ಅಷ್ಟು ಹೊತ್ತು ಕಾಯಿಸ್ತಾ ಇದ್ದೀವಲ್ಲ ಪಾಪ ಅನ್ನುತ್ತಾನೆ.

ಇವತ್ತು ಬೆಳಿಗ್ಗೆ ಎದ್ದಾಗ ಮನೆ ತುಂಬ ದಾಲ್ಚಿನ್ನಿ ವಾಸನೆ. ಅಡುಗೆಮನೆಗೆ ಬಂದೆ. ಓರಿನ್ ಒಳ್ಳೇ ಅಂಗಿ ಹಾಕಿಕೊಂಡು, ಕುಂಬಳಕಾಯಿ ಬಾರ್ ಕತ್ತರಿಸಿ ಡಬ್ಬಿಗೆ ತುಂಬುತ್ತಿದ್ದ. ನನ್ನ ಕೋಟನ್ನೂ ತಂದು ಕುರ್ಚಿಯ ಮೇಲೆ ಇಟ್ಟಿದ್ದ. ಹೊರಗೆ ಹಕ್ಕಿಗಳು ಸುಮ್ಮನಿದ್ದವು.

"ಖಾಲಿ ಕೈಯಲ್ಲಿ ಹೋದ್ರೆ ಚೆನ್ನಾಗಿರಲ್ಲ," ಅಂದ.