ತೊಳೆದು ಬಂದವರು

ಆಶಾ ಕಾರ್ಯಕರ್ತೆ ಹೇಮಶ್ರೀಗೆ ದುಗ್ಗಮ್ಮನ ಎದುರು ಆ ಒಂದು ಸಾಲು ಓದುವ ಧೈರ್ಯ ಇರಲಿಲ್ಲ.

ಕಳೆದ ವಾರ ಸ್ವಸಹಾಯ ಸಂಘದ ಸಭೆಯಲ್ಲಿ ಅವಳು ಹಾಳೆಯಲ್ಲಿದ್ದ ಉಳಿದದ್ದನ್ನೆಲ್ಲ ಓದಿದ್ದಳು. ಬಿಳಿ ಹೋಗುವುದು, ವಾಸನೆ ಬರುವುದು, ಇವು ಮಾತ್ರೆ ತಿಂದರೂ ಕೆಲವರಿಗೆ ಯಾಕೆ ಮರುಕಳಿಸುತ್ತದೆ ಎಂದು ಮೆಡಿಕಲ್ ಕಾಲೇಜಿನವರು ಅಧ್ಯಯನ ಮಾಡುತ್ತಿದ್ದಾರೆ. ಹತ್ತಿ ಸುತ್ತಿದ ಕಡ್ಡಿಯಲ್ಲಿ ಒಳಗಿನ ಮಾದರಿಯನ್ನು ನೀವೇ ತೆಗೆದು ಕೊಡಬಹುದು. ಸೋಂಕು ಕಂಡರೆ ಚಿಕಿತ್ಸೆ ಉಚಿತ. ಕೊನೆಯ ಸಾಲಿನಲ್ಲಿ, ಮಾದರಿ ಕೊಡುವ ಮೊದಲಿನ ಎರಡು ದಿನ ಗಂಡನ ಜೊತೆ ಸೇರಬೇಡಿ, ಒಳಗೆ ತೊಳೆಯಬೇಡಿ ಎಂದಿತ್ತು. ಸಂಘದ ಅಧ್ಯಕ್ಷೆ ದುಗ್ಗಮ್ಮ ಅವಳ ಅಮ್ಮನ ಗೆಳತಿ. ಮುಂದಿನ ಬೆಂಚಿನಲ್ಲಿ ಕನ್ನಡಕ ಏರಿಸಿ ಕೂತಿದ್ದರು. ಹೇಮಶ್ರೀ ಹಾಳೆ ಮಡಚಿ, "ಅಷ್ಟೆ" ಎಂದಿದ್ದಳು.

ಈಗ ರಾಮಕುಂಜದ ಅಂಗನವಾಡಿಯ ಜಗಲಿಯಲ್ಲಿ ಅವಳು ಐಸ್ ಪೆಟ್ಟಿಗೆಯ ಮುಚ್ಚಳ ತೆಗೆಯುವುದು, ಹಾಕುವುದು ಮಾಡುತ್ತಿದ್ದಳು. ಹನ್ನೊಂದೂಕಾಲು. ಮಾದರಿ ಒಯ್ಯುವ ವ್ಯಾನು ಒಂದು ಗಂಟೆಗೆ ಉಪ್ಪಿನಂಗಡಿಯಿಂದ ಹೊರಡುತ್ತದೆ. ಹೆಂಗಸರು ಒಬ್ಬೊಬ್ಬರೇ ಬಚ್ಚಲಿಗೆ ಹೋಗಿ ಬಂದು ಕೊಳವೆ ಕೊಟ್ಟರು. ಎಲ್ಲರ ತಲೆಕೂದಲೂ ಒದ್ದೆ. ಹನ್ನೆರಡನೆಯದನ್ನು ಕೊಟ್ಟವಳು ಬೀಡಿ ಕಟ್ಟುವ ಸೀತು. ಅವಳು ಬಗ್ಗಿದಾಗ ಆಸ್ಪತ್ರೆಯ ವಾರ್ಡಿನ ವಾಸನೆ ಬಂತು.

"ಎಂತ ವಾಸನೆ ಇದು?"

"ಗಾಯ ತೊಳೆಯುವ ಔಷಧಿ, ಹೇಮಕ್ಕ. ಬಿಸಿನೀರಿಗೆ ಎರಡು ಮುಚ್ಚಳ. ಎಲ್ಲರೂ ಒಳಗೆ ತೊಳೆದೇ ಬಂದದ್ದು. ದುಗ್ಗಕ್ಕ ಹೇಳಿದ್ರು."

"ಮತ್ತೆ?" ದುಗ್ಗಮ್ಮ ನಕ್ಕರು. "ದೊಡ್ಡ ಡಾಕ್ಟ್ರು ನೋಡುದಲ್ವಾ ಮಗಾ. ನಮ್ಮ ಊರಿನ ಹೆಂಗಸರು ಗಲೀಜು ಅಂತ ಆಗ್ಬಾರ್ದು."

"ಭೂತಕೋಲಕ್ಕೆ ಹೋಗುವಾಗ್ಲೂ ನಾನು ಇಷ್ಟು ಉಜ್ಜಿಲ್ಲ ಮಾರಾಯ್ತಿ" ಎಂದಳು ಒಬ್ಬಳು. ಎಲ್ಲರೂ ನಕ್ಕರು.

ಹೇಮಶ್ರೀ ಅಂಗಳಕ್ಕಿಳಿದಳು. ಗೇಟಿನವರೆಗೆ ಹೋಗಿ ತಿರುಗಿ ಬಂದಳು. ಮಾದರಿಯ ಜೊತೆ ಹೋಗುವ ನಮೂನೆಯಲ್ಲಿ 'ತೊಳೆದಿಲ್ಲ' ಎಂಬ ಚೌಕದಲ್ಲಿ ಗೀಟು ಹಾಕಿ ಕಳಿಸಿದರೆ ಯಾರಿಗೂ ತಿಳಿಯುವುದಿಲ್ಲ. ವರದಿ ತಪ್ಪು ಬರುತ್ತದೆ, ಅಷ್ಟೆ.

"ರಿಪೋರ್ಟ್ ಯಾವಾಗ ಬರ್ತದೆ?" ಸೀತು ಹಿಂದೆಯೇ ಬಂದಿದ್ದಳು. "ಬೀಡಿ ಕೊಡ್ಲಿಕ್ಕೆ ಸಾಲಲ್ಲಿ ನಿಂತ್ರೆ ಹಿಂದಿನವರು ದೂರ ನಿಲ್ತಾರೆ. ಮೂರು ಸಲ ಮಾತ್ರೆ ತಿಂದೆ. ದಿನಾ ಇದರಲ್ಲೇ ತೊಳೆಯುದು. ಹೋಗಿ ಪುನಃ ಬರ್ತದೆ."

ಹೇಮಶ್ರೀ ಜಗಲಿಗೆ ಹತ್ತಿದಳು.

"ಇದನ್ನು ಕಳಿಸ್ಲಿಕ್ಕೆ ಆಗುದಿಲ್ಲ" ಎಂದಳು. "ಒಳಗೆ ಮೊಸರಿನ ಹೆಪ್ಪಿನ ಹಾಗೆ ಒಳ್ಳೆ ಕ್ರಿಮಿಗಳು ಉಂಟು. ಅದು ಇದ್ರೆ ಕೆಟ್ಟದ್ದು ಬೆಳೆಯುದಿಲ್ಲ. ಔಷಧಿಯಲ್ಲಿ ತೊಳೆದ್ರೆ ಆ ಹೆಪ್ಪೇ ಸಾಯ್ತದೆ. ಕಡ್ಡಿಯಲ್ಲಿ ಇನ್ನು ಸರಿಯಾಗಿ ಎಂತದೂ ಕಾಣ್ಲಿಕ್ಕಿಲ್ಲ. ತೊಳೆಯಬಾರ್ದು ಅಂತ ಹಾಳೆಯಲ್ಲಿ ಇತ್ತು. ನಾನು ಓದ್ಲಿಲ್ಲ."

"ಯಾಕೆ ಓದ್ಲಿಲ್ಲ?" ದುಗ್ಗಮ್ಮ ಕೇಳಿದರು.

"ನೀವು ಇದ್ರಿ."

"ನಾಲ್ಕು ಹೆತ್ತವಳು ನಾನು. ನನ್ನ ಹತ್ರ ನಿಂಗೆ ನಾಚಿಕೆಯಾ?"

ಹೇಮಶ್ರೀ ಉಳಿದವರ ಕಡೆ ತಿರುಗಿದಳು. "ಮುಂದಿನ ಬುಧವಾರ ಪುನಃ ಕೊಡ್ತೀರಾ? ಎರಡು ದಿನ ಒಳಗೆ ತೊಳೆಯದೆ?"

"ಅದು ಯಾರಿಂದ ಆದೀತು?" ಎಂದು ದುಗ್ಗಮ್ಮ ಚಪ್ಪಲಿ ಮೆಟ್ಟಿದರು. ಉಳಿದವರೂ ಎದ್ದರು. "ಒಂದು ಸಲ ಕೊಟ್ಟದ್ದೇ ಹೆಚ್ಚು. ನನ್ನ ಹೆಸರು ತೆಗೀರಿ" ಎಂದು ಒಬ್ಬಳು ಹೇಳಿದ್ದೇ ತಡ, ನನ್ನದೂ, ನನ್ನದೂ ಎಂಬ ಮಾತು ಮೆಟ್ಟಿಲಿಳಿದು ಹೋಯಿತು.

ಸೀತು ಮಾತ್ರ ಕಂಬಕ್ಕೊರಗಿ ನಿಂತಿದ್ದಳು.

"ವಾಸನೆ ಇಟ್ಕೊಂಡೇ ಬರ್ಬೇಕಾ?"

"ಹೌದು."

"ಬಸ್ಸಲ್ಲಿ?"

"ನಾನೇ ನಿನ್ನ ಮನೆಗೆ ಬರ್ತೇನೆ."

ಸೀತು ಕೈಚೀಲದಿಂದ ಅರ್ಧ ತುಂಬಿದ ಔಷಧಿ ಬಾಟಲಿ ತೆಗೆದು ಅಂಗನವಾಡಿಯ ಕಿಟಕಿಯಲ್ಲಿಟ್ಟಳು. "ಬುಧವಾರ ಹತ್ತು ಗಂಟೆಯ ಮೊದಲು ಬನ್ನಿ. ಆಮೇಲೆ ಅತ್ತೆ ಇರ್ತಾರೆ" ಎಂದು ಹೊರಟಳು.

ಹೇಮಶ್ರೀ ಕೊಳವೆಗಳನ್ನು ಒಂದೊಂದಾಗಿ ಆಸ್ಪತ್ರೆ ಕಸದ ಹಳದಿ ಚೀಲಕ್ಕೆ ಹಾಕಿ ಬಾಯಿ ಕಟ್ಟಿದಳು. ಐಸ್ ಇನ್ನೂ ಕರಗಿರಲಿಲ್ಲ. ನಮೂನೆ ಬಿಡಿಸಿ, ನಷ್ಟದ ಅಂಕಣದಲ್ಲಿ ಬರೆದಳು: ಮಾದರಿ ಹನ್ನೆರಡು. ಹೆಂಗಸರು ಹನ್ನೊಂದು.